ಯಾರಿಗೆ ಕುರ್ಚಿ, ಯಾರಿಗೆ ಚಾಪೆ: ಕೊಡಗಿನ ಒಕ್ಕದ ಫೋಟೊಗಳು

ಕೊಡಗಿನ ಯಾವುದೇ ಒಕ್ಕದ, ಅಂದರೆ ಕೊಡವ ಮನೆತನದ, ಹಳೆಯ ಗ್ರೂಪ್ ಫೋಟೊ ಕೈಗೆ ಸಿಕ್ಕರೆ ಮುಖ ನೋಡುವ ಮೊದಲು ಕುರ್ಚಿ ನೋಡಿ. ನಟ್ಟನಡುವಿನದು ಸಾಮಾನ್ಯವಾಗಿ ಒಕ್ಕದ ಯಜಮಾನನಾದ ಪಟ್ಟೆದಾರನದು. ಅಕ್ಕಪಕ್ಕ ತಮ್ಮಂದಿರು, ಹಿಂದೆ ನಿಂತವರು ಮಕ್ಕಳು-ಸೊಸೆಯರು, ನೆಲದ ಚಾಪೆಯಲ್ಲಿ ಮೊಮ್ಮಕ್ಕಳು.

ಇದರಲ್ಲಿ ಕ್ಯಾಮೆರಾದ ಪಾಲೂ ಉಂಟು. 1870ರ ದಶಕದವರೆಗೆ ಚಾಲ್ತಿಯಲ್ಲಿದ್ದ, ರಾಸಾಯನಿಕ ಲೇಪ ಹಸಿಯಿರುವಾಗಲೇ ಬಳಸಬೇಕಾದ ಗಾಜಿನ ಪ್ಲೇಟಿಗೆ ಹಲವು ಸೆಕೆಂಡು ಬೆಳಕು ಬೇಕಿತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಡುತ್ತಿದ್ದರು. ಆಮೇಲೆ ಬಂದ ಒಣ ಪ್ಲೇಟು ಚುರುಕಾದರೂ, ಮೂರು ಸಾಲೂ ಸ್ಪಷ್ಟವಾಗಿ ಬರಬೇಕೆಂದರೆ ಲೆನ್ಸಿನ ಕಿಂಡಿಯನ್ನು ಎಫ್-16, ಎಫ್-22ಕ್ಕೆ ಕಿರಿದು ಮಾಡಬೇಕು (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಕಿಂಡಿ ಕಿರಿದಾದಷ್ಟೂ ಹೊತ್ತು ಹೆಚ್ಚು. ಮೋಡದ ದಿನ ಚಾಪೆಯ ಮೇಲಿನ ಮಗು ಕತ್ತು ತಿರುಗಿಸಿದರೆ ಮುಖ ಕಲಸಿಹೋಯಿತು. ಹಳೆಯ ಲೆನ್ಸುಗಳಲ್ಲಿ ನಡು ಚೂಪು, ಅಂಚು ಮಸುಕು. ಹೀಗೆ ಮರ್ಯಾದೆಯೂ ಗಾಜೂ ಹಿರಿಯರ ಕಡೆಗೇ ವಾಲಿದವು. ನಗು ಕಾಣದ್ದಕ್ಕೆ ಮಾತ್ರ ಕ್ಯಾಮೆರಾವನ್ನು ಪೂರ್ತಿ ದೂರಬೇಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಫೋಟೊ ತೆಗೆಯುವ ಕಾಲ ಬಂದ ಮೇಲೂ ನಮ್ಮವರು ಬಿಗಿದುಕೊಂಡೇ ನಿಂತರು.

ಉಡುಪು ಇನ್ನೂ ಬಾಯಿಬಡುಕ. ಹಿರಿಯರಿಗೆ ಮೊಣಕಾಲು ಮುಟ್ಟುವ ಕಪ್ಪು ನಿಲುವಂಗಿ ಕುಪ್ಯ, ಸೊಂಟಕ್ಕೆ ಕೆಂಪು ನಡುಪಟ್ಟಿ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ. ಬಿಳಿ ಕುಪ್ಯ ತೊಟ್ಟು ನಿಂತವನು ಮದುಮಗ. ಪಕ್ಕದಲ್ಲೇ ಕೋಟು-ಟೈ, ಇಲ್ಲವೇ ಪದಕ ತೂಗುವ ಸೇನಾ ಸಮವಸ್ತ್ರ: ಮನೆತನ ಯಾವುದನ್ನು ಹೆಮ್ಮೆ ಎಂದುಕೊಂಡಿತ್ತೋ ಅದನ್ನೇ ತೊಡಿಸಿ ನಿಲ್ಲಿಸಿದೆ. ಕೊಡವ ಸೀರೆಯ ನೆರಿಗೆ ಬೆನ್ನ ಕಡೆ ಇರುವುದರಿಂದ ಎದುರಿನ ಚಿತ್ರದಲ್ಲಿ ಅದರ ವಿಶೇಷವೇ ಕಾಣದು. ಬಲ ಭುಜಕ್ಕೆ ಬಂದ ಸೆರಗು, ತಲೆಗೆ ಕಟ್ಟಿದ ವಸ್ತ್ರ ನೋಡಿ ಗುರುತಿಸಬೇಕು.

ಇಲ್ಲದವರನ್ನೂ ಎಣಿಸಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಗಂಡನ ಒಕ್ಕದ ಫೋಟೊದಲ್ಲಿ ಸೊಸೆಯರಾಗಿ ನಿಂತಿರುತ್ತಾರೆ. ಗದ್ದೆಯಲ್ಲಿ ದುಡಿದ ಯರವ ಬುಡಕಟ್ಟಿನವರಿಗೆ ಈ ಚೌಕಟ್ಟಿನಲ್ಲಿ ಜಾಗವಿರಲಿಲ್ಲ. ಅಂಥವರ ಚಿತ್ರಕ್ಕೆ ವಸಾಹತು ಕಾಲದ ಜನಾಂಗ ದಾಖಲೆಗಳನ್ನೇ ತೆರೆಯಬೇಕು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ 'ದಿ ಪೀಪಲ್ ಆಫ್ ಇಂಡಿಯಾ' ಊರಿದ ರೂಢಿ ಅದು: ಮುಖವಿದೆ, ಆದರೆ ಹೆಚ್ಚಿನ ಕಡೆ ಹೆಸರಿನ ಜಾಗದಲ್ಲಿ ಜಾತಿ, ಬುಡಕಟ್ಟು.

ಮಳೆಗಾಲದ ಥಂಡಿಗೆ ಫೋಟೊದ ಜೆಲಟಿನ್ ಪದರ ಉಬ್ಬಿ ಫ್ರೇಮಿನ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಚಿತ್ರವೇ ಗಾಜಿನ ಜತೆ ಎದ್ದುಬರುತ್ತದೆ. ಗಾಜಿನ ಸಮೇತ 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ. ಅಲ್ಲಿನ ಪಟ್ಟಿಯಲ್ಲಿ ಎಷ್ಟೋ ಸಲ ಗಂಡಸರಿಗೆ ಹೆಸರು, ಹೆಂಗಸರಿಗೆ 'ಇಂಥವರ ಹೆಂಡತಿ'. ಹೆಸರು ಬಲ್ಲ ಅಜ್ಜಿ ಮನೆಯಲ್ಲಿದ್ದರೆ ಕೇಳಿ, ಎಡದಿಂದ ಬಲಕ್ಕೆ ಸಾಲು ಹಿಡಿದು ಮೆತ್ತನೆಯ ಪೆನ್ಸಿಲಿನಲ್ಲಿ ಬರೆದಿಡಿ. ಬಾಲ್‌ಪೆನ್ ಒತ್ತಿದರೆ ಗೀರು ಚಿತ್ರದ ಕಡೆಗೆ ಮೂಡುತ್ತದೆ.