ಅಗೆದಾಗ ಸಿಕ್ಕ ಊರು ಬೈಬಲಿನಲ್ಲಿ ಬರುವ ಊರೇ ಅಂತ ಹೇಗೆ ಹೇಳುತ್ತಾರೆ?

ಓದುಗರ ಪ್ರಶ್ನೆ: ಹಳೇ ದಿಬ್ಬ ಅಗೆದರೆ ಗೋಡೆ, ಮಡಕೆ ಚೂರು ಸಿಗುತ್ತವೆ, ಸರಿ. ಆದರೆ ಅದು ಬೈಬಲಿನ ಇಂಥದ್ದೇ ಊರು ಅಂತ ಹೇಗೆ ಗೊತ್ತಾಗುತ್ತದೆ? ಊರಿನ ಬೋರ್ಡ್ ಏನೂ ಸಿಗುವುದಿಲ್ಲ ಅಲ್ವಾ?

ಬೋರ್ಡ್ ಸಿಗುವುದು ತೀರಾ ಅಪರೂಪ. ಒಂದಕ್ಕೊಂದು ಸಂಬಂಧವಿಲ್ಲದ ಮೂರ್ನಾಲ್ಕು ಸಾಕ್ಷಿಗಳು ಒಂದೇ ಜಾಗವನ್ನು ತೋರಿಸಿದರೆ ಮಾತ್ರ ನಂಬಬಹುದು. ಇದಕ್ಕೆ ಲಾಕೀಷ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಜೆರುಸಲೇಮಿನಿಂದ ನೈರುತ್ಯಕ್ಕೆ ಸುಮಾರು 40 ಕಿ.ಮೀ. ದೂರ. ಬೈಬಲಿನಲ್ಲಿ ಬರುವ ಯೆಹೂದ ರಾಜ್ಯದಲ್ಲಿ ರಾಜಧಾನಿ ಜೆರುಸಲೇಮ್ ಬಿಟ್ಟರೆ ಇದೇ ದೊಡ್ಡ ಕೋಟೆ.

ಮೊದಲು ಇದರ ಜಾಗವನ್ನೇ ತಪ್ಪಾಗಿ ಗುರುತಿಸಿದ್ದರು. 1890ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅವರು ತೆಲ್ ಎಲ್-ಹೆಸಿ ಎಂಬ ದಿಬ್ಬ ಅಗೆದು, ಇದೇ ಲಾಕೀಷ್ ಎಂದರು. ಆಮೇಲೆ ಅಲ್ಲೇ ಸಿಕ್ಕ ಮಣ್ಣಿನ ಹಲಗೆಯೊಂದರಲ್ಲಿ ಲಾಕೀಷಿನ ಒಡೆಯನ ಹೆಸರೂ ಇತ್ತು. ಆದರೆ ಪತ್ರದಲ್ಲಿ ಒಬ್ಬನ ಹೆಸರು ಬಂದ ಮಾತ್ರಕ್ಕೆ ಪತ್ರ ಸಿಕ್ಕ ಊರು ಅವನದೇ ಆಗಬೇಕೆಂದೇನಿಲ್ಲ. 1929ರಲ್ಲಿ ವಿಲಿಯಂ ಆಲ್‌ಬ್ರೈಟ್ ಇನ್ನೊಂದು ದಿಬ್ಬ ತೋರಿಸಿದರು, ತೆಲ್ ಎದ್-ದುವೇರ್. ಲಾಕೀಷ್ ಇಂಥ ಪಟ್ಟಣದಿಂದ ಏಳು ಮೈಲಿ ಎಂದು 4ನೇ ಶತಮಾನದ ಕ್ರೈಸ್ತ ಬರಹಗಾರ ಯುಸೇಬಿಯಸ್ ಬರೆದಿಟ್ಟಿದ್ದ ಲೆಕ್ಕ ಈ ದಿಬ್ಬಕ್ಕೇ ಹೆಚ್ಚು ಹೊಂದುತ್ತಿತ್ತು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ಲಾಕೀಷಿನಲ್ಲಲ್ಲ, ದೂರದ ಅಶ್ಶೂರ (ಅಸ್ಸೀರಿಯಾ) ಸಾಮ್ರಾಜ್ಯದ ರಾಜಧಾನಿ ನಿನೆವೆಯಲ್ಲಿ. ಅಶ್ಶೂರದ ಅರಸ ಸನ್ಹೇರೀಬ ಕ್ರಿ.ಪೂ. 701ರಲ್ಲಿ ಈ ಊರನ್ನು ಗೆದ್ದು, ಆ ಯುದ್ಧವನ್ನು ತನ್ನ ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿದ್ದ. ಪಕ್ಕದಲ್ಲೇ ಲಾಕೀಷ್ ಎಂಬ ಹೆಸರೂ ಇದೆ. ಈ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಗೋಡೆ ಮುರಿಯುವ ಯಂತ್ರವನ್ನು ಇಳಿಜಾರಿನ ಮೇಲೆ ದೂಡಿಕೊಂಡು ಬರುತ್ತಿದ್ದಾರೆ, ಮೇಲಿನಿಂದ ಊರಿನವರು ಉರಿಯುವ ಪಂಜು ಎಸೆಯುತ್ತಿದ್ದಾರೆ, ಯಂತ್ರಕ್ಕೆ ಬೆಂಕಿ ಹತ್ತದಿರಲೆಂದು ಒಬ್ಬ ಸೈನಿಕ ಉದ್ದನೆಯ ಸೌಟಿನಿಂದ ನೀರು ಸುರಿಯುತ್ತಿದ್ದಾನೆ. ಇನ್ನೊಂದು ಕಡೆ ಎತ್ತಿನ ಗಾಡಿಗೆ ಗಂಟುಮೂಟೆ ಹೇರಿಕೊಂಡು, ಹೆಂಗಸರು ಮಕ್ಕಳ ಸಮೇತ ಊರು ಬಿಟ್ಟು ಹೋಗುತ್ತಿರುವ ಕುಟುಂಬಗಳು. ಗೆದ್ದವನು ಹೆಮ್ಮೆಗೆಂದು ಕೆತ್ತಿಸಿದ್ದು, ನೋಡಿದರೆ ಕರುಳು ಚುರುಕ್ ಎನ್ನುತ್ತದೆ.

ಈಗ ದಿಬ್ಬಕ್ಕೆ ಬನ್ನಿ. ನೈರುತ್ಯ ಮೂಲೆಯಲ್ಲಿ ಕಲ್ಲು ಪೇರಿಸಿ ಮಾಡಿದ ಅದೇ ಇಳಿಜಾರು ಇವತ್ತಿಗೂ ಇದೆ. ಸುತ್ತ ನೂರಾರು ಕಬ್ಬಿಣದ ಬಾಣದ ಮೊನೆಗಳು, ಕವಣೆ ಕಲ್ಲುಗಳು ಸಿಕ್ಕಿವೆ. ಗೋಡೆಯ ಒಳಗಡೆ ಊರಿನವರು ಆ ಇಳಿಜಾರಿಗೆ ಎದುರಾಗಿ ರಾಶಿ ಹಾಕಿದ ಮಣ್ಣಿನ ಗುಡ್ಡೆಯೂ ಇದೆ. ಯೆಹೂದದ ಅರಸ ಹಿಜ್ಕೀಯನು ಲಾಕೀಷಿನಲ್ಲಿದ್ದ ಅಶ್ಶೂರದ ಅರಸನಿಗೆ ಸಂದೇಶ ಕಳಿಸಿದ ಎಂದು ಬೈಬಲಿನ ಅರಸುಗಳು ಎರಡನೆಯ ಭಾಗ ಹೇಳುತ್ತದೆ. ಅಂದರೆ ಸೋತವರ ಬರಹ, ಗೆದ್ದವರ ಚಿತ್ರ, ನೆಲದ ಗುರುತು ಮೂರೂ ಒಂದೇ ಕಡೆ ಸೇರುತ್ತವೆ.

ವರ್ಷ ಹೇಗೆ ಗೊತ್ತಾಯಿತು ಅನ್ನುವುದೂ ಮುಖ್ಯ. ಇಲ್ಲಿ ಸುಟ್ಟ ಪದರಗಳು ಒಂದಕ್ಕಿಂತ ಜಾಸ್ತಿ ಇವೆ. 1930ರ ದಶಕದಲ್ಲಿ ಅಗೆದ ಜೇಮ್ಸ್ ಸ್ಟಾರ್ಕಿ, ಮೇಲಿನ ಎರಡು ಪದರಗಳ ನಡುವೆ ಹತ್ತು ಹನ್ನೆರಡು ವರ್ಷವಷ್ಟೇ ಅಂತರ ಎಂದುಕೊಂಡಿದ್ದರು. ಅವರ ತಂಡದಲ್ಲಿದ್ದ ಓಲ್ಗಾ ಟಫ್ನೆಲ್ ಮಡಕೆಗಳನ್ನು ಹೋಲಿಸಿ, ಇಷ್ಟೊಂದು ಬದಲಾಗಲು ಅಷ್ಟು ವರ್ಷ ಸಾಲದು, ಕೆಳಗಿನದು 701ರದೇ ಎಂದು ವಾದಿಸಿದರು. 1973ರಿಂದ ಡೇವಿಡ್ ಉಸ್ಸಿಶ್ಕಿನ್ ಮತ್ತೆ ಅಗೆದಾಗ ಟಫ್ನೆಲ್ ಅವರ ಮಾತೇ ನಿಂತಿತು. ಅವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು.

ಮೇಲಿನ ಸುಟ್ಟ ಪದರ ಆಮೇಲೆ ಯೆಹೂದದ ಮೇಲೆ ದಂಡೆತ್ತಿ ಬಂದ ಬಾಬೆಲಿನವರ (ಬ್ಯಾಬಿಲೋನಿನವರ) ಕಾಲದ್ದು. ಅಲ್ಲಿ ಹೆಬ್ಬಾಗಿಲ ಪಕ್ಕದ ಕೋಣೆಯ ಬೂದಿಯಲ್ಲಿ 1935ರಲ್ಲಿ ಮಡಕೆ ಚೂರುಗಳ ಮೇಲೆ ಮಸಿಯಲ್ಲಿ ಬರೆದ ಪತ್ರಗಳು ಸಿಕ್ಕವು. ಒಂದರಲ್ಲಿ, ಲಾಕೀಷಿನ ಬೆಂಕಿ ಸನ್ನೆಗಾಗಿ ಕಾಯುತ್ತಿದ್ದೇವೆ, ಅಜೇಕ (ಯೆಹೂದದ ಇನ್ನೊಂದು ಕೋಟೆ) ಕಾಣುತ್ತಿಲ್ಲ ಎಂದಿದೆ. ಕೊನೆಗೆ ಉಳಿದ ಕೋಟೆಗಳು ಇವೆರಡೇ ಎಂದು ಬೈಬಲಿನ ಯೆರೆಮೀಯನ ಗ್ರಂಥದಲ್ಲೂ ಇದೆ. ಅಜೇಕ ಅಷ್ಟೊತ್ತಿಗೆ ಬಿದ್ದಿತ್ತು ಎಂದು ಕೆಲವರು ಅರ್ಥ ಮಾಡುತ್ತಾರೆ. ಪತ್ರದಲ್ಲಿ ಅಷ್ಟೆಲ್ಲ ಇಲ್ಲ.

ಇದೇ ವಿಧಾನ ಬೇರೆ ಕಡೆ ಉಲ್ಟಾ ಉತ್ತರವನ್ನೂ ಕೊಟ್ಟಿದೆ. ಯೆಹೋಶುವನ ಮುಂದಾಳತ್ವದಲ್ಲಿ ಇಸ್ರಾಯೇಲ್ಯರು ಬಂದಾಗ ಯೆರಿಕೋ ಊರಿನ ಗೋಡೆ ಕುಸಿಯಿತು ಎಂದು ಬೈಬಲ್ ಹೇಳುತ್ತದೆ. ಅಲ್ಲಿ ಅಗೆದಾಗ ಸಿಕ್ಕ ಬಿದ್ದ ಗೋಡೆ ಯೆಹೋಶುವನ ಕಾಲದ್ದೇ ಎಂದು ಜಾನ್ ಗಾರ್‌ಸ್ಟಾಂಗ್ ಹೇಳಿದ್ದರು. 1952ರಿಂದ 1958ರವರೆಗೆ ಅಲ್ಲಿ ಅಗೆದ ಕ್ಯಾಥ್ಲೀನ್ ಕೆನ್ಯನ್, ಆ ಗೋಡೆ ಯೆಹೋಶುವನ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಿಂದಿನದೆಂದು ತೋರಿಸಿಕೊಟ್ಟರು.