3:32.49 ಮತ್ತು 3:32.51: ಒಲಿಂಪಿಕ್ಸ್‌ನಲ್ಲಿ ಭಾರತದ ಅಥ್ಲೆಟಿಕ್ಸ್ ತಂಡ

ದೈಹಿಕ ಶಿಕ್ಷಣದ ಪರೀಕ್ಷೆಗೆ ಓದುತ್ತಿರುವವರು ಮೊದಲು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಹಿಳೆಯರ 4×400 ಮೀಟರ್ ರಿಲೇ (ನಾಲ್ವರು ಒಬ್ಬರ ನಂತರ ಒಬ್ಬರು ತಲಾ 400 ಮೀಟರ್ ಓಡುವ ಸ್ಪರ್ಧೆ) ಫೈನಲ್‌ನಲ್ಲಿ ಎಂ.ಡಿ. ವಲ್ಸಮ್ಮ, ವಂದನಾ ರಾವ್, ಶೈನಿ ಅಬ್ರಹಾಂ ಮತ್ತು ಪಿ.ಟಿ. ಉಷಾ ಅವರ ತಂಡ 3 ನಿಮಿಷ 32.49 ಸೆಕೆಂಡುಗಳಲ್ಲಿ ಓಡಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಹೀಟ್‌ನಲ್ಲಿ (ಫೈನಲ್‌ಗೆ ಮುಂಚಿನ ಸುತ್ತಿನ ಓಟದಲ್ಲಿ) ವಿದ್ಯಾ ರಾಮರಾಜ್, ಜ್ಯೋತಿಕಾ ಶ್ರೀ ದಂಡಿ, ಎಂ.ಆರ್. ಪೂವಮ್ಮ ಮತ್ತು ಶುಭಾ ವೆಂಕಟೇಶನ್ ಅವರ ತಂಡ ತೆಗೆದುಕೊಂಡದ್ದು 3:32.51. ನಡುವೆ ನಲವತ್ತು ವರ್ಷ ಕಳೆದಿವೆ. ಸಮಯದ ವ್ಯತ್ಯಾಸ ಮಾತ್ರ ಸೆಕೆಂಡಿನ ನೂರರಲ್ಲಿ ಎರಡು ಭಾಗ. ಮೊದಲ ತಂಡಕ್ಕೆ ಸಿಕ್ಕಿದ್ದು ಒಲಿಂಪಿಕ್ ಫೈನಲ್‌ನ ಏಳನೇ ಸ್ಥಾನ. ಎರಡನೆಯದು ತನ್ನ ಹೀಟ್‌ನಲ್ಲಿ ಎಂಟನೆಯದಾಗಿ, ಒಟ್ಟು ಪಟ್ಟಿಯಲ್ಲಿ 15ನೇ ಸ್ಥಾನಕ್ಕೆ ನಿಂತಿತು.

ಇದನ್ನು ಮೊದಲು ಗಮನಿಸಿದಾಗ ನನಗೆ ಬೇಸರವೇ ಆಯಿತು. ನಲವತ್ತು ವರ್ಷ ನಿಂತಲ್ಲೇ ನಿಂತೆವೇ ಎಂದುಕೊಂಡೆ. ಆಮೇಲೆ ಕುಳಿತು ಓದಿದಾಗ ಆ ತೀರ್ಮಾನ ಅವಸರದ್ದು ಎಂದು ತಿಳಿಯಿತು. ಅಥ್ಲೆಟಿಕ್ಸ್ ಫಲಿತಾಂಶವನ್ನು ಸಮಯವೊಂದರಿಂದಲೇ ಓದಲಾಗದು, ಸ್ಥಾನವೊಂದರಿಂದಲೂ ಆಗದು. ಸಮಯ, ಸ್ಥಾನ, ಆ ಕೂಟದ ನಿಯಮ, ಈ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಈ ಟಿಪ್ಪಣಿ ಇರುವುದೇ ಅದಕ್ಕಾಗಿ.

‘ತಂಡ’ ಎಂದರೆ ಇಲ್ಲಿ ಏನು?

ಹಾಕಿ ತಂಡದಂತೆ ಅಥ್ಲೆಟಿಕ್ಸ್ ತಂಡ ಒಟ್ಟಾಗಿ ಆಡುವುದಿಲ್ಲ. ಒಲಿಂಪಿಕ್ಸ್‌ನಲ್ಲಿ ಅಥ್ಲೆಟಿಕ್ಸ್‌ಗೆ ತಂಡದ ಅಂಕಗಳೇ ಇಲ್ಲ. ಜಾವೆಲಿನ್ ಎಸೆಯುವವನ ಸಾಧನೆಯಿಂದ ಉದ್ದ ಜಿಗಿತದವಳಿಗೆ ಒಂದು ಸೆಂಟಿಮೀಟರ್ ಕೂಡ ಸೇರುವುದಿಲ್ಲ. ಒಂದೇ ಸಮವಸ್ತ್ರ, ಒಂದೇ ಧ್ವಜ, ಉಳಿದಂತೆ ಅವರವರ ಹೋರಾಟ ಅವರವರದು. ನಾಲ್ವರ ಶ್ರಮ ಒಂದೇ ಸಂಖ್ಯೆಯಾಗಿ ದಾಖಲಾಗುವುದು ರಿಲೇಯಲ್ಲಿ. ಹಾಗಾಗಿ ಒಂದು ದೇಶದ ಅಥ್ಲೆಟಿಕ್ಸ್‌ನ ಆಳ ತಿಳಿಯಬೇಕಾದರೆ ನಾನು ಪದಕಪಟ್ಟಿಗಿಂತ ಮೊದಲು ಅದರ 4×400 ರಿಲೇ ನೋಡುತ್ತೇನೆ. ಒಬ್ಬ ಅಸಾಧಾರಣ ಓಟಗಾರ ಎಲ್ಲಿಯಾದರೂ ಹುಟ್ಟಬಹುದು. ಒಂದೇ ಕಾಲದಲ್ಲಿ, ಒಂದೇ ದೂರಕ್ಕೆ ನಾಲ್ವರು ಸಿಗಬೇಕಾದರೆ ಹಿಂದೆ ಶಾಲೆ, ಮೈದಾನ, ತರಬೇತುದಾರರ ಸಾಲೇ ಇರಬೇಕು.

ತಂಡಕ್ಕೆ ಸೇರುವ ದಾರಿ

1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ನಾಲ್ವರು ಅಥ್ಲೀಟ್‌ಗಳೂ ಇಬ್ಬರು ಕುಸ್ತಿಪಟುಗಳೂ ಹೋದರು. ಪುಣೆಯ ಕೂಟದಲ್ಲಿ ಓಟಗಾರರ ಸಾಮರ್ಥ್ಯ ಕಂಡು ಅವರನ್ನು ಕಳುಹಿಸಲು ಮುಂದೆ ನಿಂತವರು ಉದ್ಯಮಿ ದೊರಾಬ್ಜಿ ಟಾಟಾ. ಆ ನಾಲ್ವರಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಒಬ್ಬರು. ಅಂದಿನ ಮ್ಯಾರಥಾನ್ ಇಂದಿನ 42.195 ಕಿಲೋಮೀಟರ್ ಅಲ್ಲ, 42.75 ಕಿಲೋಮೀಟರ್. ಅದನ್ನು ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ನಮ್ಮ ನೆಲದ ಈ ಹೆಸರು ಬಹಳಷ್ಟು ಟಿಪ್ಪಣಿಗಳಲ್ಲಿ ಕಾಣುವುದೇ ಇಲ್ಲ. ದಯವಿಟ್ಟು ಅಡಿಗೆರೆ ಹಾಕಿಕೊಳ್ಳಿ.

ಇಂದು ದಾರಿ ಬೇರೆ. ಪ್ಯಾರಿಸ್‌ಗೆ ಎರಡು ಬಾಗಿಲುಗಳಿದ್ದವು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ನಿಗದಿಪಡಿಸಿದ ಅರ್ಹತಾ ಮಟ್ಟವನ್ನು ಮುಟ್ಟುವುದು ಒಂದು. ಪುರುಷರ ಜಾವೆಲಿನ್‌ನಲ್ಲಿ ಅದು 85.50 ಮೀಟರ್, 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ (ಅಡೆತಡೆ ಮತ್ತು ನೀರಿನ ಹೊಂಡ ದಾಟುತ್ತಾ ಓಡುವ ಸ್ಪರ್ಧೆ) 8 ನಿಮಿಷ 15 ಸೆಕೆಂಡು. ಇನ್ನೊಂದು, ವಿಶ್ವ ರ‍್ಯಾಂಕಿಂಗ್‌ನಲ್ಲಿ ಸಾಕಷ್ಟು ಮೇಲಿರುವುದು. ಎರಡೂ ಬಾಗಿಲುಗಳಿಂದ ಸುಮಾರು ಅರ್ಧರ್ಧ ಸ್ಪರ್ಧಿಗಳು ಬರಲಿ ಎಂಬುದು ಉದ್ದೇಶ. ವೈಯಕ್ತಿಕ ಸ್ಪರ್ಧೆಯೊಂದಕ್ಕೆ ಒಂದು ದೇಶದಿಂದ ಮೂವರಿಗೆ ಮಾತ್ರ ಅವಕಾಶ. ಕೆನ್ಯಾದಲ್ಲಿ ಅರ್ಹತಾ ಮಟ್ಟ ದಾಟಿದವರು ಎಷ್ಟೇ ಇದ್ದರೂ ಮೂವರೇ ವಿಮಾನ ಹತ್ತುತ್ತಾರೆ.

ರಿಲೇಗೆ ಲೆಕ್ಕ ಇನ್ನೂ ಬಿಗಿ: ಒಟ್ಟು 16 ತಂಡಗಳು. ಅವುಗಳಲ್ಲಿ 14 ತಂಡಗಳು ಬಹಾಮಾಸ್‌ನ ನಸ್ಸಾವ್‌ನಲ್ಲಿ 2024ರ ಮೇ ತಿಂಗಳಲ್ಲಿ ನಡೆದ ವಿಶ್ವ ರಿಲೇ ಕೂಟದಿಂದ, ಉಳಿದ ಎರಡು ಸಮಯದ ಪಟ್ಟಿಯಿಂದ. ಭಾರತದ ಪುರುಷರ ಮತ್ತು ಮಹಿಳೆಯರ 4×400 ತಂಡಗಳೆರಡೂ ನಸ್ಸಾವ್‌ನ ಎರಡನೇ ದಿನ ಅರ್ಹತೆ ಗಳಿಸಿದವು. ಆ ದಿನ ಮಹಿಳೆಯರ ಸಮಯ 3:29.35. ಅಂದರೆ ಮೂರು ತಿಂಗಳ ಬಳಿಕ ಪ್ಯಾರಿಸ್‌ನಲ್ಲಿ ಓಡಿದ್ದಕ್ಕಿಂತ ಮೂರು ಸೆಕೆಂಡು ವೇಗ. ಆರಂಭದ ಒಗಟಿಗೆ ಇದು ಮೊದಲ ಸುಳಿವು: 3:32.51 ಆ ತಂಡದ ಶಕ್ತಿಯ ಅಳತೆಯಲ್ಲ, ಆ ಒಂದು ಬೆಳಗಿನ ಅಳತೆ.

ಹೀಟ್‌ನ ನಿಯಮ

ಒಂದೇ ಉದಾಹರಣೆ ಸಾಕು: ಭಾರತದ ಸ್ಟೀಪಲ್‌ಚೇಸ್ ಓಟಗಾರ ಅವಿನಾಶ್ ಸಾಬಳೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪ್ರತಿ ಸ್ಟೀಪಲ್‌ಚೇಸ್ ಹೀಟ್‌ನ ಮೊದಲ ಮೂವರು ನೇರವಾಗಿ, ಜೊತೆಗೆ ಉಳಿದವರಲ್ಲಿ ಅತಿವೇಗದ ಆರು ಮಂದಿ ಫೈನಲ್‌ಗೆ. ಅವಿನಾಶ್ 8:18.12 ಓಡಿ ಅಂದಿನ ರಾಷ್ಟ್ರೀಯ ದಾಖಲೆಯನ್ನೇ ಮುರಿದರು. ಆದರೆ ಅವರ ಹೀಟ್ ಎಷ್ಟು ವೇಗದ್ದಾಗಿತ್ತೆಂದರೆ ಸಿಕ್ಕಿದ್ದು ಏಳನೇ ಸ್ಥಾನ, ಫೈನಲ್ ತಪ್ಪಿತು. ಇನ್ನೊಂದು ಹೀಟನ್ನು ಮೊರಾಕ್ಕೊದ ಸೂಫಿಯಾನ್ ಎಲ್ ಬಕ್ಕಾಲಿ 8:19.00ರಲ್ಲಿ, ಅವಿನಾಶ್‌ಗಿಂತ ನಿಧಾನವಾಗಿ ಗೆದ್ದು, ಮುಂದೆ ಚಿನ್ನವನ್ನೂ ಪಡೆದರು. ಪ್ಯಾರಿಸ್‌ನಲ್ಲಿ ನಿಯಮ ಬದಲಾಗಿತ್ತು: ಸಮಯಕ್ಕೆ ಬೆಲೆಯಿಲ್ಲ, ಪ್ರತಿ ಹೀಟ್‌ನ ಮೊದಲ ಐವರು ಮಾತ್ರ. ಈ ಬಾರಿ ಅವಿನಾಶ್ ತಮ್ಮ ಹೀಟ್‌ನಲ್ಲಿ ಐದನೆಯವರಾಗಿ ಬಂದು, ಈ ಸ್ಪರ್ಧೆಯ ಒಲಿಂಪಿಕ್ ಫೈನಲ್ ತಲುಪಿದ ಭಾರತದ ಮೊದಲ ಪುರುಷ ಎನಿಸಿಕೊಂಡರು. ಫೈನಲ್‌ನಲ್ಲಿ 11ನೇ ಸ್ಥಾನ.

ಎಸೆತದಲ್ಲೂ ಇದೇ ಕಥೆ. ನೀರಜ್ ಚೋಪ್ರಾ ಟೋಕಿಯೊದಲ್ಲಿ ಚಿನ್ನ ಗೆದ್ದ ಎಸೆತ 87.58 ಮೀಟರ್. ಪ್ಯಾರಿಸ್‌ನಲ್ಲಿ ಅವರು 89.45 ಮೀಟರ್ ಎಸೆದರು, ಸುಮಾರು ಎರಡು ಮೀಟರ್ ಹೆಚ್ಚು. ಸಿಕ್ಕಿದ್ದು ಬೆಳ್ಳಿ, ಏಕೆಂದರೆ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಒಲಿಂಪಿಕ್ ದಾಖಲೆ ಬರೆದರು. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2012ರ ಲಂಡನ್‌ನಲ್ಲಿ ಡಿಸ್ಕಸ್ ಫೈನಲ್ ತಲುಪಿ ಎಂಟನೆಯವರಾದರು. ‘ಪದಕವಿಲ್ಲ’ ಎಂದು ಅಂಥ ಸಾಲುಗಳನ್ನು ದಾಟಿಬಿಡಬೇಡಿ.

ನೂರರಲ್ಲೊಂದು ಸೆಕೆಂಡು ಎಷ್ಟು ಉದ್ದ?

ಇದನ್ನು ನೀವೇ ಲೆಕ್ಕ ಹಾಕಿ, ಒಮ್ಮೆ ಹಾಕಿದರೆ ಮರೆಯುವುದಿಲ್ಲ. 1984ರಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಮೊದಲ ಬಾರಿ ಬಂತು. ಕಂಚು ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು ಪಾಲಾಯಿತು, 55.41 ಸೆಕೆಂಡು. ಉಷಾ 55.42. 400ನ್ನು 55.42ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 7.2 ಮೀಟರ್ ವೇಗ. ಅದರ ನೂರನೇ ಭಾಗ 7.2 ಸೆಂಟಿಮೀಟರ್. ಅಂಗೈ ಅಗಲದಷ್ಟು ದೂರ ಅದು. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾದಾಗ ಕೈಯಿಂದ ಅಳೆದ ಅಧಿಕೃತ ಸಮಯ 45.6, ಮೂರನೆಯವರಾದ ದಕ್ಷಿಣ ಆಫ್ರಿಕಾದ ಮಾಲ್ಕಮ್ ಸ್ಪೆನ್ಸ್ 45.5. ವಿದ್ಯುನ್ಮಾನ ಅಳತೆಯಲ್ಲಿ 45.73 ಮತ್ತು 45.60. ಈ ಅಂತರವನ್ನು ದೂರಕ್ಕೆ ಬದಲಿಸಿದರೆ ಒಂದು ಮೀಟರ್‌ಗಿಂತ ತುಸು ಹೆಚ್ಚು. ಎರಡು ಬಗೆಯ ಸಮಯಗಳನ್ನು ಎಂದೂ ಬೆರೆಸಬೇಡಿ. ಬೇರೆ ಬೇರೆ ಪುಸ್ತಕಗಳಲ್ಲಿ ಮಿಲ್ಖಾ ಅವರ ಸಮಯ ಬೇರೆ ಬೇರೆಯಾಗಿ ಕಾಣಲು ಇದೇ ಕಾರಣ.

ರಿಲೇಯ ಒಳಗೆ

4×400ರಲ್ಲಿ ಮೊದಲ ಓಟಗಾರ ಪೂರ್ತಿ ಸುತ್ತು ತನ್ನ ಲೇನ್‌ನಲ್ಲೇ ಓಡುತ್ತಾನೆ. ಎರಡನೆಯವನು ಮೊದಲ ತಿರುವಿನ ಕೊನೆಯವರೆಗೆ ಲೇನ್‌ನಲ್ಲಿದ್ದು ಆಮೇಲೆ ಒಳಗೆ ನುಗ್ಗಬಹುದು. ಬ್ಯಾಟನ್ (ಓಟಗಾರರು ಒಬ್ಬರಿಂದ ಒಬ್ಬರಿಗೆ ಕೊಡುವ ಕೋಲು) ಕೈ ಬದಲಾಯಿಸುವ ವಲಯ 20 ಮೀಟರ್ (4×100ರಲ್ಲಿ 30 ಮೀಟರ್, ಪ್ರಶ್ನೆಪತ್ರಿಕೆಯಲ್ಲಿ ಗೊಂದಲ ಹುಟ್ಟಿಸುವ ಜಾಗ ಇದು). ವಲಯದೊಳಗೆ ಇರಬೇಕಾದದ್ದು ಬ್ಯಾಟನ್, ಓಟಗಾರನ ದೇಹವಲ್ಲ. ಬ್ಯಾಟನ್ ಬಿದ್ದರೆ ಬೀಳಿಸಿದವನೇ ಎತ್ತಿಕೊಳ್ಳಬೇಕು. ಮೂರನೆಯ ಮತ್ತು ನಾಲ್ಕನೆಯ ಓಟಗಾರರು ನಿಲ್ಲುವ ಕ್ರಮವನ್ನು, ಅವರತ್ತ ಬರುತ್ತಿರುವ ಜೊತೆಗಾರರು 200 ಮೀಟರ್ ದಾಟುವಾಗಿನ ಸ್ಥಾನ ನೋಡಿ ಅಧಿಕಾರಿಗಳು ನಿರ್ಧರಿಸುತ್ತಾರೆ.

ಈಗ ರಿಲೇಯ ನಿಜವಾದ ಸೊಗಸಿಗೆ ಬರೋಣ. ಟೋಕಿಯೊದಲ್ಲಿ ಮೊಹಮ್ಮದ್ ಅನಾಸ್, ನೋಹ್ ನಿರ್ಮಲ್ ಟಾಮ್, ಆರೋಕ್ಯ ರಾಜೀವ್, ಅಮೋಜ್ ಜೇಕಬ್ 3:00.25ರಲ್ಲಿ ಓಡಿ ಏಷ್ಯಾದ ದಾಖಲೆ ಮುರಿದರು. ಒಟ್ಟು ಪಟ್ಟಿಯಲ್ಲಿ ಒಂಬತ್ತನೆಯವರು. ಫೈನಲ್‌ಗೆ ಎಂಟೇ ತಂಡ. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನ ಹೀಟ್‌ನಲ್ಲಿ ಭಾರತ 2:59.05 ಓಡಿ ಅಮೆರಿಕದ ಬೆನ್ನಿಗೇ ಎರಡನೆಯದಾಗಿ ಬಂತು. ನಾಲ್ಕರಿಂದ ಭಾಗಿಸಿ: ಸರಾಸರಿ ಸುಮಾರು 44.76. ಆದರೆ ಆಗ 400 ಮೀಟರ್ ಓಟದ ರಾಷ್ಟ್ರೀಯ ದಾಖಲೆಯೇ 45.21! ಒಬ್ಬನೂ 45ರೊಳಗೆ ಓಡದ ದೇಶದ ಸರಾಸರಿ 45ರೊಳಗೆ ಬಂದದ್ದು ಹೇಗೆ? ಮೊದಲನೆಯವನನ್ನು ಬಿಟ್ಟು ಉಳಿದ ಮೂವರೂ ನಿಂತಲ್ಲಿಂದ ಹೊರಡುವುದಿಲ್ಲ, ಓಡುತ್ತಲೇ ಬ್ಯಾಟನ್ ಪಡೆಯುತ್ತಾರೆ. ಗುಂಡಿನ ಸದ್ದಿಗೆ ಪ್ರತಿಕ್ರಿಯಿಸುವ ಹೊತ್ತೂ ಬ್ಲಾಕ್‌ನಿಂದ (ಓಟದ ಆರಂಭದಲ್ಲಿ ಕಾಲೂರುವ ಆಸರೆಯಿಂದ) ಎದ್ದು ವೇಗ ಪಡೆಯುವ ಹೊತ್ತೂ ಅವರಿಗೆ ಉಳಿತಾಯವಾಗುತ್ತವೆ. ಅದರ ಜೊತೆಗೆ, ಮುಂದೆ ಒಬ್ಬ ಕಾಣುತ್ತಿದ್ದರೆ ಕಾಲು ತಾನೇ ಬೆನ್ನಟ್ಟುತ್ತದೆ. ಶಾಲೆಯ ಮೈದಾನದಲ್ಲಿ ಓಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮತ್ತೆ ಆ ಎರಡು ಸಂಖ್ಯೆಗಳು

1984ರಲ್ಲಿ ಸೋವಿಯತ್ ಒಕ್ಕೂಟ ಮತ್ತು ಪೂರ್ವ ಜರ್ಮನಿ ಒಲಿಂಪಿಕ್ಸ್ ಬಹಿಷ್ಕರಿಸಿದ್ದವು. ಮಹಿಳೆಯರ 400 ಮೀಟರ್‌ನಲ್ಲಿ ಅವು ಅಂದಿನ ಬಲಾಢ್ಯರು. ಅವರು ಬಂದಿದ್ದರೆ ನಮ್ಮ ತಂಡಕ್ಕೆ ಫೈನಲ್ ಕಷ್ಟವಾಗುತ್ತಿತ್ತು. ಹಾಗೆಂದು ಆ ಓಟದ ಬೆಲೆ ಕುಗ್ಗುವುದಿಲ್ಲ; 3:32.49 ಆಗಿನ ಏಷ್ಯಾದ ದಾಖಲೆ. ಅದಕ್ಕೂ ಮೊದಲು ಭಾರತದ ಮಹಿಳೆಯರು ಒಲಿಂಪಿಕ್ ರಿಲೇ ಫೈನಲ್ ಕಂಡಿರಲಿಲ್ಲ. ಅಂದು ಚಿನ್ನ ಗೆದ್ದ ಅಮೆರಿಕದ ಸಮಯ 3:18.29, ಪ್ಯಾರಿಸ್‌ನಲ್ಲಿ ಅದೇ ಅಮೆರಿಕದ್ದು 3:15.27. ಮುಂಚೂಣಿ ಮೂರು ಸೆಕೆಂಡು ಮುಂದೆ ಸಾಗಿದೆ, ಹಿಂದಿನ ಸಾಲು ಅದಕ್ಕಿಂತ ಹೆಚ್ಚು ಬಿಗಿಯಾಗಿದೆ.

ನಡುವಿನ ಒಂದು ವರ್ಷವನ್ನು ಮರೆತರೆ ಚಿತ್ರ ಪೂರ್ತಿಯಾಗದು. 2004ರ ಅಥೆನ್ಸ್‌ನಲ್ಲಿ ಭಾರತದ ಮಹಿಳೆಯರ ತಂಡ ಹೀಟ್‌ನಲ್ಲಿ 3:26.89 ಓಡಿ ಫೈನಲ್ ತಲುಪಿ ಏಳನೆಯದಾಯಿತು. ಉಷಾ ಅವರ ತಂಡಕ್ಕಿಂತ ಐದೂವರೆ ಸೆಕೆಂಡಿಗೂ ಹೆಚ್ಚು ವೇಗ, ಸ್ಥಾನ ಮಾತ್ರ ಅದೇ ಏಳು. ಹಾಗಾದರೆ ನಾವು ನಿಂತಲ್ಲೇ ನಿಂತಿರಲಿಲ್ಲ. ಮೇಲೇರಿ, ಅಲ್ಲಿಂದ ಮತ್ತೆ ಇಳಿದಿದ್ದೇವೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ 1984ರದ್ದಲ್ಲ: 2004ರ ಬಳಿಕ ಆ ವೇಗದ ನಾಲ್ವರು ಒಟ್ಟಿಗೆ ಯಾಕೆ ಸಿಗಲಿಲ್ಲ?

ಮಂಗಳೂರಿನ ಪೂವಮ್ಮ 2016ರ ರಿಯೊದಲ್ಲಿ ಈ ರಿಲೇ ಓಡಿದರು. ಎಂಟು ವರ್ಷಗಳ ನಂತರ, 34ನೇ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲೂ ಓಡಿದರು. ರಿಯೊದಲ್ಲಿ ತಂಡದ ಸಮಯ 3:29.53, ಹೀಟ್‌ನಲ್ಲಿ ಏಳನೇ ಸ್ಥಾನ. ನಿಮ್ಮ ಹಾಳೆಯಲ್ಲಿ 1984, 2004, 2016, 2024ರ ಸಾಲುಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆ ಸಮಯ, ಸ್ಥಾನ, ಫೈನಲ್ ತಲುಪಿದರೋ ಇಲ್ಲವೋ ಎಂಬುದನ್ನು ತುಂಬಿ. ಕೊನೆಯ ಎರಡು ಸಾಲುಗಳಲ್ಲಿ ಬರುವ ಒಂದೇ ಹೆಸರು ಪೂವಮ್ಮ ಅವರದು.