ಕ್ಷಮಾದಾನ: ಸೆರೆವಾಸ ತಪ್ಪಿದ್ದಕ್ಕೆಲ್ಲ ಇದೇ ಹೆಸರಲ್ಲ

ಅಮೆರಿಕದ ಅಧ್ಯಕ್ಷರು ಯಾರದೋ ಜೈಲುವಾಸ ತಪ್ಪಿಸಿದರೆ ಸಾಕು, ನಮ್ಮಲ್ಲಿ ‘ಕ್ಷಮಾದಾನ’ ಎಂಬ ಶೀರ್ಷಿಕೆ ಸಿದ್ಧವಾಗಿರುತ್ತದೆ. ‘2007ರಲ್ಲಿ ಲಿಬ್ಬಿಗೆ ಬುಷ್ ಕ್ಷಮಾದಾನ ನೀಡಿದರು’ ಎಂಬ ವಾಕ್ಯ ಮತ್ತೆ ಕಣ್ಣಿಗೆ ಬಿದ್ದಿದೆ. ಬುಷ್ ಜಪ್ಪಯ್ಯ ಎಂದರೂ ಕೊಡದೆ ಹೋದದ್ದೇ ಅದನ್ನು.

ಲೂಯಿಸ್ ‘ಸ್ಕೂಟರ್’ ಲಿಬ್ಬಿ ಉಪಾಧ್ಯಕ್ಷ ಡಿಕ್ ಚೆನಿಯವರ ಬಲಗೈ. ಅಧ್ಯಕ್ಷರ ಸಹಾಯಕ ಎಂಬ ಪದವಿಯೂ ಅವರಿಗಿತ್ತು. ಇರಾಕ್ ಯುದ್ಧಕ್ಕೆ ಕೊಟ್ಟ ಕಾರಣಗಳನ್ನು ಪ್ರಶ್ನಿಸಿದ್ದ ಮಾಜಿ ರಾಯಭಾರಿಯೊಬ್ಬರ ಪತ್ನಿ ವ್ಯಾಲೆರಿ ಪ್ಲೇಮ್ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಉದ್ಯೋಗಿ ಎಂಬುದು 2003ರಲ್ಲಿ ಪತ್ರಿಕೆಗಳಲ್ಲಿ ಬಯಲಾಯಿತು. ಗುಟ್ಟು ರಟ್ಟು ಮಾಡಿದ್ದಕ್ಕಾಗಿ ಯಾರ ಮೇಲೂ ಆರೋಪ ಹೊರಿಸಲಿಲ್ಲ. ಲಿಬ್ಬಿಯನ್ನು ಕೆಡವಿದ್ದು ತನಿಖೆಯಲ್ಲಿ ಹೇಳಿದ ಸುಳ್ಳು. ವಿಷಯವನ್ನು ಪತ್ರಕರ್ತ ಟಿಮ್ ರಸ್ಸರ್ಟ್ ಬಾಯಿಂದ ಹೊಸದಾಗಿ ಕೇಳಿದೆ ಎಂದರು. ಅದಕ್ಕೂ ಮೊದಲೇ ಚೆನಿ ಹೇಳಿದ್ದರೆಂಬುದು ಲಿಬ್ಬಿಯವರದೇ ಟಿಪ್ಪಣಿಯಲ್ಲಿತ್ತು. ಮರೆತಿದ್ದೆ ಎಂಬ ವಾದವನ್ನು ಜ್ಯೂರಿ ಒಪ್ಪಲಿಲ್ಲ. 2005ರ ಅಕ್ಟೋಬರ್ 28ರಂದು ದೋಷಾರೋಪ, ಅಂದೇ ರಾಜೀನಾಮೆ. 2007ರ ಜೂನ್‌ನಲ್ಲಿ 30 ತಿಂಗಳ ಸೆರೆ, ಎರಡೂವರೆ ಲಕ್ಷ ಡಾಲರ್ ದಂಡ.

ಜುಲೈ 2ರಂದು ಬುಷ್ ಅಳಿಸಿದ್ದು ಸೆರೆವಾಸವನ್ನಷ್ಟೇ. ದಂಡ ಉಳಿಯಿತು, ಲಿಬ್ಬಿ ಕಟ್ಟಿದರು. ಅಪರಾಧಿ ಎಂಬ ತೀರ್ಪು ಉಳಿಯಿತು. 2008ರಲ್ಲಿ ವಕೀಲಿ ಸನದೂ ಹೋಯಿತು. ಪೂರ್ಣ ಕ್ಷಮಾದಾನಕ್ಕೆ ಚೆನಿ ಪಟ್ಟು ಹಿಡಿದರು, ಬುಷ್ ಜಗ್ಗಲಿಲ್ಲ. ಸೆರೆವಾಸವನ್ನಷ್ಟೇ ಅಳಿಸುವುದಕ್ಕೆ ಶಿಕ್ಷೆಯ ಕಡಿತ ಎನ್ನಬೇಕು. ಕ್ಷಮಾದಾನ ಬಂದದ್ದು 2018ರ ಏಪ್ರಿಲ್‌ನಲ್ಲಿ, ಟ್ರಂಪ್ ಅವರಿಂದ. ಎರಡಕ್ಕೂ ಒಂದೇ ಪದ ಬಳಸುವವರು ಚೆನಿ ಮುನಿದದ್ದೇಕೆ ಎಂಬುದನ್ನು ಹೇಗೆ ವಿವರಿಸುತ್ತಾರೋ ತಿಳಿಯದು.

ನಮ್ಮಲ್ಲಿ ಗಲ್ಲುಶಿಕ್ಷೆಗೊಳಗಾದವರು ರಾಷ್ಟ್ರಪತಿಗೆ ಸಲ್ಲಿಸುವ ಮನವಿಗೂ ‘ಕ್ಷಮಾದಾನ ಅರ್ಜಿ’ ಎಂದೇ ಹೆಸರು. ಅದು ಫಲಿಸಿದಾಗ ಸಾಮಾನ್ಯವಾಗಿ ಸಿಗುವುದು ಜೀವಾವಧಿ ಸೆರೆ. ಪದ ಸಡಿಲವಾದದ್ದು ಬಹುಶಃ ಇಲ್ಲಿಯೇ. ಸಂವಿಧಾನದ 72ನೇ ವಿಧಿಯಂತೂ ಕ್ಷಮೆ, ಮಾಫಿ, ಶಿಕ್ಷೆಯ ಪರಿವರ್ತನೆಗಳನ್ನು ಬೇರೆ ಬೇರೆಯಾಗಿಯೇ ಹೆಸರಿಸಿದೆ.

ಇನ್ನೊಂದು ಗುಂಪಿನವರಿದ್ದಾರೆ: ಕ್ಷಮಾದಾನ ಸಿಕ್ಕಿತು, ಆದ್ದರಿಂದ ನಿರಪರಾಧಿ! ‘ಕ್ಷಮ್’ ಧಾತುವಿಗೆ ತಾಳಿಕೊಳ್ಳು, ಸಹಿಸು ಎಂದರ್ಥ. ಎಲ್ಲವನ್ನೂ ಹೊರುವ ಭೂಮಿಗೂ ಸಂಸ್ಕೃತದಲ್ಲಿ ‘ಕ್ಷಮಾ’ ಎಂಬ ಹೆಸರುಂಟು. ಸಹಿಸಿಕೊಳ್ಳಬೇಕಾದರೆ ತಪ್ಪೊಂದು ಇರಬೇಕಲ್ಲವೇ? ‘ದಾನ’ವೂ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ, ಬೇಡವೆನ್ನುವವರು ಬೇಡವೆನ್ನಬಹುದು. ಅಧ್ಯಕ್ಷ ವುಡ್ರೋ ವಿಲ್ಸನ್ ಕೊಟ್ಟ ಕ್ಷಮಾದಾನವನ್ನು ಬರ್ಡಿಕ್ ಎಂಬ ನ್ಯೂಯಾರ್ಕಿನ ಪತ್ರಿಕಾ ಸಂಪಾದಕ ನಿರಾಕರಿಸಿದ. 1915ರಲ್ಲಿ ಸುಪ್ರೀಂ ಕೋರ್ಟ್ ಅವನ ಪರವಾಗಿ ನಿಂತಿತು. ಕ್ಷಮಾದಾನವು ಅಪರಾಧದ ಸೂಚನೆಯನ್ನು ಹೊತ್ತೇ ಬರುತ್ತದೆ ಎಂದೂ ಹೇಳಿತು.

ನಿರ್ದೋಷಿ ಎನ್ನಲು ‘ಖುಲಾಸೆ’ ಇದೆ. ಲಿಬ್ಬಿಗೂ ಅದು ಸಿಕ್ಕಿತ್ತು, ಐದು ಆರೋಪಗಳ ಪೈಕಿ ಒಂದರಲ್ಲಿ ಮಾತ್ರ. ಕೊಟ್ಟವರು ಬುಷ್ ಅಲ್ಲ, ಟ್ರಂಪ್ ಅಲ್ಲ, 2007ರ ಜ್ಯೂರಿ.